700 ವರ್ಷ ಹಳೆಯ ಪುಟ, ಕೈಯಲ್ಲಿ ಕತ್ತಿ

ಯುರೋಪಿನ ಹಳೆಯ ಕತ್ತಿವರಸೆಗೆ ಇವತ್ತು ಗುರುಗಳಿಲ್ಲ. ಇದ್ದವರು ತೀರಿಕೊಂಡು ಶತಮಾನಗಳಾದವು. ಅವರ ಶಿಷ್ಯರು, ಶಿಷ್ಯರ ಶಿಷ್ಯರು, ಯಾರೂ ಉಳಿದಿಲ್ಲ. ಉಳಿದಿರುವುದು ಅವರು ಬರೆದಿಟ್ಟ ಪುಸ್ತಕಗಳು ಮಾತ್ರ. ಆ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಒಂದೊಂದು ಸಾಲನ್ನೂ ಕತ್ತಿ ಹಿಡಿದು ಆಡಿ ನೋಡಿ, ಕಳೆದುಹೋದ ವಿದ್ಯೆಯನ್ನು ವಾಪಸ್ ತರುತ್ತಿರುವ ಜನರ ಬಗ್ಗೆ ಒಂದು ಸಾಕ್ಷ್ಯಚಿತ್ರ ನೋಡಿದೆ. ಅದನ್ನು ತೋರಿಸಿದ್ದು ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಓದುತ್ತಿರುವ ಶಿವಮೊಗ್ಗದ ಹುಡುಗಿ. "ಅಕ್ಕಾ, ನೀವು ಯಾವಾಗ್ಲೂ ಗರಡಿ ಮನೆ ಕಥೆ ಹೇಳ್ತಾ ಇರ್ತೀರಲ್ಲ, ಇದನ್ನ ಪೂರ್ತಿ ನೋಡಿ. ಆಮೇಲೆ ಭಾನುವಾರ ನನ್ನ ಜೊತೆ ಕ್ಲಬ್ಬಿಗೆ ಬನ್ನಿ" ಅಂದಳು.

ನೋಡಿದೆ. ಹೋದೆ.

ಸಾಕ್ಷ್ಯಚಿತ್ರದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಕಾಳಗದ ದೃಶ್ಯಗಳಲ್ಲ. ಒಬ್ಬಾತ ಹಸ್ತಪ್ರತಿಯ ಸಾಲೊಂದನ್ನು ಓದುತ್ತಾನೆ. ಎದ್ದು ಗೆಳೆಯನ ಎದುರು ನಿಂತು ಅದನ್ನು ಆಡುತ್ತಾನೆ. ತಲೆ ಅಲ್ಲಾಡಿಸುತ್ತಾನೆ. ಮತ್ತೆ ಬಂದು ಅದೇ ಸಾಲು ಓದುತ್ತಾನೆ. ಈ ಓಡಾಟ ನನಗೆ ತುಂಬಾ ಹಿಡಿಸಿತು. ಹಳೆಯ ಪುಸ್ತಕದ ಮುಂದೆ ಇಷ್ಟು ಹೊತ್ತು, ಇಷ್ಟು ಪ್ರೀತಿಯಿಂದ, ಇಷ್ಟು ಬೆವರು ಸುರಿಸಿ ನಿಲ್ಲುವವರನ್ನು ನಾನು ಬೇರೆಲ್ಲೂ ನೋಡಿರಲಿಲ್ಲ.

ಒಲಿಂಪಿಕ್ಸ್‌ನಲ್ಲಿ ಫೆನ್ಸಿಂಗ್ ಇದೆಯಲ್ಲ, ವಿದ್ಯೆ ಕಳೆದುಹೋಗಿದ್ದು ಎಲ್ಲಿ ಅಂತ ಕೇಳಬಹುದು. ಆ ಫೆನ್ಸಿಂಗ್‌ನ ಬೇರು ಇರುವುದು ರೇಪಿಯರ್ ಎಂಬ ಉದ್ದನೆಯ ತೆಳು ಕತ್ತಿಯಲ್ಲಿ, ಆಮೇಲೆ ಬಂದ ಇನ್ನೂ ಹಗುರವಾದ ಸ್ಮಾಲ್‌ಸೋರ್ಡ್‌ನಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಪಾಠ ತುಂಡಾಗಿಲ್ಲ. ಅದಕ್ಕೂ ಮೊದಲು ಇದ್ದದ್ದು ಎರಡು ಕೈಯಲ್ಲಿ ಹಿಡಿಯುವ ಲಾಂಗ್‌ಸೋರ್ಡ್, ಒಂದು ಕೈಲಿ ಕತ್ತಿ ಇನ್ನೊಂದರಲ್ಲಿ ಪುಟ್ಟ ಗುರಾಣಿ ಹಿಡಿದು ಆಡುವ ವರಸೆ. ತುಂಡಾಗಿದ್ದು ಇವುಗಳ ಸರಪಳಿ. ಬಂದೂಕು ಬಂತು, ಯುದ್ಧದ ರೀತಿ ಬದಲಾಯಿತು, ಪೇಟೆಯ ಗಂಡಸರು ಸೊಂಟಕ್ಕೆ ಸಿಕ್ಕಿಸುವ ಕತ್ತಿಯೂ ಬದಲಾಯಿತು. ಜರ್ಮನಿಯಲ್ಲಿ ಫ್ರಾಂಕ್‌ಫರ್ಟಿನ ಮಾರ್ಕ್ಸ್‌ಬ್ರೂಡರ್ ಎಂಬ ಕತ್ತಿಗಾರರ ಸಂಘಕ್ಕೆ 1487ರಲ್ಲಿ ಚಕ್ರವರ್ತಿಯಿಂದಲೇ ಹಕ್ಕುಪತ್ರ ಸಿಕ್ಕಿತ್ತು. ಅಂಥ ಸಂಘಗಳು ಲಾಂಗ್‌ಸೋರ್ಡನ್ನು ಪಂದ್ಯದ ಆಟವಾಗಿ ಇನ್ನಷ್ಟು ಕಾಲ ಉಳಿಸಿಕೊಂಡವು. ಕೊನೆಗೆ ಅದೂ ನಿಂತುಹೋಯಿತು.

ಮತ್ತೆ ಎಬ್ಬಿಸುವ ಮೊದಲ ಪ್ರಯತ್ನ ನಡೆದದ್ದು 19ನೇ ಶತಮಾನದ ಕೊನೆಯಲ್ಲಿ, ಲಂಡನ್ನಿನಲ್ಲಿ. ಆಲ್ಫ್ರೆಡ್ ಹಟನ್ ಮತ್ತು ಎಗರ್ಟನ್ ಕ್ಯಾಸಲ್ ಎಂಬ ಇಬ್ಬರು ಹಳೆಯ ಪುಸ್ತಕಗಳನ್ನು ಹುಡುಕಿ ತೆಗೆದು, ವೇದಿಕೆ ಮೇಲೆ ಆಡಿ ತೋರಿಸಿದರು. ಆದರೆ ಕ್ಯಾಸಲ್‌ಗೆ ಮಧ್ಯಯುಗದ ಕತ್ತಿವರಸೆ ಬಗ್ಗೆ ಮರ್ಯಾದೆ ಕಡಿಮೆ. ಅದೆಲ್ಲ ಬರೀ ತೋಳ್ಬಲ, ಕಲೆ ಹುಟ್ಟಿದ್ದು ಆಮೇಲೆ ಎಂಬುದು ಅವರು 1885ರಲ್ಲಿ ಬರೆದ ಪುಸ್ತಕದ ಧೋರಣೆ. ಈ ಮಾತು ಎಷ್ಟು ಗಟ್ಟಿಯಾಗಿ ಕೂತುಬಿಟ್ಟಿತೆಂದರೆ, ಇವತ್ತಿಗೂ ಸಿನಿಮಾದಲ್ಲಿ ಆ ಕಾಲದ ವೀರ ಕತ್ತಿ ಎತ್ತಲಾರದೆ ಎತ್ತುತ್ತಾನೆ. ನಿಜವಾದ ಲಾಂಗ್‌ಸೋರ್ಡಿನ ತೂಕ ಒಂದೂವರೆ ಕೆಜಿ ಆಸುಪಾಸು, ಅಷ್ಟೇ. 1990ರ ದಶಕದಲ್ಲಿ ಇಂಟರ್‌ನೆಟ್ ಬಂದು, ಹಸ್ತಪ್ರತಿಗಳ ಚಿತ್ರಗಳು ಒಬ್ಬರಿಂದ ಒಬ್ಬರಿಗೆ ದಾಟಲು ಶುರುವಾದ ಮೇಲೆ ಈ ಕೆಲಸಕ್ಕೆ ನಿಜವಾದ ಜೀವ ಬಂತು. ಈಗ ಇದಕ್ಕೆ ಹೆಮಾ (HEMA) ಅನ್ನುತ್ತಾರೆ, ಯುರೋಪಿನ ಐತಿಹಾಸಿಕ ಸಮರಕಲೆಗಳು ಎಂಬುದರ ಇಂಗ್ಲಿಷ್ ಹೆಸರಿನ ಚಿಕ್ಕ ರೂಪ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ದೊಡ್ಡ ಪಂದ್ಯಾವಳಿಯೇ ಹುಟ್ಟಿಕೊಂಡಿತು.

ನಾನು ಹೋದ ಕ್ಲಬ್ಬು ಪಂದ್ಯಕ್ಕಿಂತ ಜಾಸ್ತಿ ಪುಸ್ತಕದ ಹಿಂದೆ ಬಿದ್ದದ್ದು. ಆ ಭಾನುವಾರ ಅವರು ತೆಗೆದುಕೊಂಡದ್ದು ಐ.33 ಎಂಬ ಹಸ್ತಪ್ರತಿ. ಯುರೋಪಿನಲ್ಲಿ ಇವತ್ತಿಗೆ ಸಿಕ್ಕಿರುವ ಕತ್ತಿವರಸೆ ಪುಸ್ತಕಗಳಲ್ಲಿ ಇದೇ ಅತಿ ಹಳೆಯದು. ಹೆಚ್ಚುಕಮ್ಮಿ 700 ವರ್ಷದ್ದು. ಚರ್ಮದ ಹಾಳೆಗಳು 32, ಅಂದರೆ 64 ಪುಟ. ಬರಹ ಲ್ಯಾಟಿನ್‌ನಲ್ಲಿ, ವರಸೆಗಳ ಹೆಸರು ಮಾತ್ರ ಅಲ್ಲಲ್ಲಿ ಜರ್ಮನ್‌ನಲ್ಲಿ. ಹೆಚ್ಚಿನ ಪುಟಗಳಲ್ಲಿ ಇಬ್ಬರು ಎದುರುಬದುರು ನಿಂತಿದ್ದಾರೆ. ಒಬ್ಬ ಪಾದ್ರಿ, ಇನ್ನೊಬ್ಬ ಅವನ ವಿದ್ಯಾರ್ಥಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಬಕ್ಲರ್ ಎಂಬ ಪುಟ್ಟ ದುಂಡು ಗುರಾಣಿ. ಮುಖದಲ್ಲಿ ಕೋಪ ಇಲ್ಲ, ಭಯವೂ ಇಲ್ಲ. ಪಾಠದಲ್ಲಿ ಮುಳುಗಿದವರ ಮುಖ.

ಈ ಪುಸ್ತಕ ಪಟ್ಟ ಪಾಡು ಒಂದು ಕಾದಂಬರಿಗಾಗುವಷ್ಟಿದೆ. ಜರ್ಮನಿಯ ಫ್ರಾಂಕೋನಿಯಾದ ಮಠವೊಂದರಲ್ಲಿ ಇತ್ತು. 16ನೇ ಶತಮಾನದಲ್ಲಿ ಅಲ್ಲಿಂದ ಒಬ್ಬ ಸೈನಿಕ ಅದನ್ನು ಹೊತ್ತೊಯ್ದ. ಆಮೇಲೆ ಗೋಥಾ ಎಂಬ ಊರಿನ ಅರಸರ ಗ್ರಂಥಾಲಯ ಸೇರಿತು. ಎರಡನೇ ಮಹಾಯುದ್ಧದ ಗದ್ದಲದಲ್ಲಿ ಅಲ್ಲಿಂದಲೂ ಮಾಯವಾಯಿತು. 1950ರಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಪ್ರತ್ಯಕ್ಷವಾದಾಗ ಬ್ರಿಟನ್ನಿನ ಆಯುಧ ಸಂಗ್ರಹದ ಸಂಸ್ಥೆ ರಾಯಲ್ ಆರ್ಮರೀಸ್‌ನವರು ಕೊಂಡರು. ಆ ಸಂಸ್ಥೆಯ ದೊಡ್ಡ ಮ್ಯೂಸಿಯಂ 1996ರಿಂದ ಲೀಡ್ಸ್‌ನಲ್ಲೇ ಇದೆ, ಏರ್ ನದಿ ದಡದಲ್ಲಿ. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಲೀಡ್ಸ್‌ಗೆ ಬಂದ ಕನ್ನಡದವರನ್ನು ನಾನು ಅಲ್ಲಿಗೆ ಕರೆದುಕೊಂಡು ಹೋದರೆ ಅವರು ಮೊದಲು ನಿಲ್ಲುವುದು ಆನೆಯ ಮುಂದೆ. ಭಾರತದಲ್ಲಿ ಮಾಡಿದ ಆನೆ ಕವಚ ಅದು. ಟಿಪ್ಪು ಸತ್ತ ಮರುವರ್ಷ ಶ್ರೀರಂಗಪಟ್ಟಣದವರೆಗೆ ಪ್ರಯಾಣ ಮಾಡಿದ್ದ ಮದ್ರಾಸ್ ಗವರ್ನರ್ ಹೆಂಡತಿ ಲೇಡಿ ಕ್ಲೈವ್ 1801ರಲ್ಲಿ ಊರಿಗೆ ಮರಳುವಾಗ ತಂದದ್ದು. ಅದರ ಮುಂದೆ ನಿಂತಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅದು ಬೇರೆ ಕಥೆ, ಇಲ್ಲಿ ಬೇಡ.

ಕ್ಲಬ್ಬು ಸೇರುವುದು ಶಾಲೆಯೊಂದರ ಆಟದ ಹಾಲ್‌ನಲ್ಲಿ. ಮರದ ನೆಲ, ಅದರ ಮೇಲೆ ಬ್ಯಾಡ್ಮಿಂಟನ್ ಕೋರ್ಟಿನ ಹಳದಿ ಗೆರೆ, ಬ್ಯಾಸ್ಕೆಟ್‌ಬಾಲ್‌ನ ನೀಲಿ ಗೆರೆ. ಗೋಡೆಗೆ ಐ.33ರ ಪುಟಗಳ ದೊಡ್ಡ ಪ್ರಿಂಟ್‌ಗಳನ್ನು ಟೇಪ್ ಹಾಕಿ ಅಂಟಿಸಿದ್ದರು. ಕಲಿಸುವಾತ ಐವತ್ತು ದಾಟಿದ ಮನುಷ್ಯ, ಕೆಲಸದಲ್ಲಿ ಬಡಗಿ. ಶುರುವಿಗೇ ಒಂದು ಮಾತು ಹೇಳಿದರು: "ನಾನು ನಿಮ್ಮ ಗುರು ಅಲ್ಲ. ಗುರು ಗೋಡೆ ಮೇಲಿದ್ದಾನೆ. ನಾನು ನಿಮಗಿಂತ ಸ್ವಲ್ಪ ಮುಂಚೆ ಓದಲು ಶುರು ಮಾಡಿದವನು."

ಮೈಸೂರಿನವಳಾದ ನನಗೆ ಈ ಮಾತು ನೇರ ಒಳಗೆ ಇಳಿಯಿತು. ನಮ್ಮ ಬೀದಿಯ ಗರಡಿ ಬಾಗಿಲಲ್ಲಿ ಚಿಕ್ಕವಳಿದ್ದಾಗ ಎಷ್ಟೋ ಸಲ ನಿಂತಿದ್ದೇನೆ. ಹುಡುಗಿಯರಿಗೆ ಒಳಗೆ ಪ್ರವೇಶ ಇರಲಿಲ್ಲ. ಅರಿಶಿನ, ಎಣ್ಣೆ ಬೆರೆಸಿದ ಕೆಮ್ಮಣ್ಣಿನ ವಾಸನೆ ಬಾಗಿಲವರೆಗೆ ಬರುತ್ತಿತ್ತು. ಅಲ್ಲಿ ಪುಸ್ತಕ ಅನ್ನುವ ವಸ್ತುವೇ ಇರಲಿಲ್ಲ. ಉಸ್ತಾದರು ಹುಡುಗನ ಹೆಗಲು ಹಿಡಿದು ತಿರುಗಿಸುತ್ತಿದ್ದರು, ಹುಡುಗನ ಮೈಗೆ ಪಾಠ ಹತ್ತುತ್ತಿತ್ತು. ವಿಜಯದಶಮಿಯ ಬೆಳಿಗ್ಗೆ ಅರಮನೆ ಅಂಗಳದಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗವೂ ಹಾಗೇ. ಮೊದಲ ರಕ್ತ ಕಂಡ ಕೂಡಲೇ ನಿಲ್ಲಿಸುವ ಆ ಕಾಳಗ, ತಲೆಮಾರಿನಿಂದ ತಲೆಮಾರಿಗೆ ಕೈಯಿಂದ ಕೈಗೇ ಬಂದದ್ದು. ಇಲ್ಲಿ ಎಲ್ಲ ಉಲ್ಟಾ. ಹೆಗಲು ಹಿಡಿದು ತಿರುಗಿಸುವವರು ಯಾರೂ ಇಲ್ಲ. ಪುಟ ಮಾತ್ರ ಇದೆ, ಪುಟ ಬಾಯಿ ಬಿಡುವುದಿಲ್ಲ.

ಕೈಗೆ ಮೊಂಡು ಅಲಗಿನ ಉಕ್ಕಿನ ಕತ್ತಿ ಕೊಟ್ಟರು. ಹಿಡಿಯ ಕೊನೆಯಲ್ಲಿ ಭಾರದ ಗುಂಡು ಇರುವುದರಿಂದ ತೂಕವೆಲ್ಲ ಕೈ ಹತ್ತಿರವೇ ನಿಲ್ಲುತ್ತದೆ, ಮೊನೆ ಹೇಳಿದಲ್ಲಿಗೆ ಹೋಗುತ್ತದೆ. ಎಡಗೈಗೆ ಬಕ್ಲರ್. ಒಂದು ಅಡಿ ಅಗಲ, ನಡುವೆ ಉಬ್ಬು, ಉಬ್ಬಿನ ಒಳಗೆ ಮುಷ್ಟಿ. ಇಷ್ಟು ಸಣ್ಣದರಿಂದ ಮೈ ಮುಚ್ಚಿಕೊಳ್ಳಲು ಆಗುವುದಿಲ್ಲ. ಅದರ ಮುಖ್ಯ ಕೆಲಸ ಕತ್ತಿ ಹಿಡಿದ ಕೈಯನ್ನು ಕಾಯುವುದು. ಆದ್ದರಿಂದಲೇ ಪುಟಗಳಲ್ಲಿ ಎರಡು ಕೈಗಳೂ ಯಾವಾಗಲೂ ಜೊತೆಜೊತೆಗೇ ಓಡಾಡುತ್ತವೆ. ಮಾಸ್ಕ್, ದಪ್ಪ ಜಾಕೆಟ್, ಕೈಗವಸು ಹಾಕಿಕೊಂಡ ಮೇಲೆ ಗೋಡೆಯ ಮೊದಲ ಪ್ರಿಂಟಿನ ಹತ್ತಿರ ಎಲ್ಲರನ್ನೂ ಕರೆದರು.

ಪಾದ್ರಿ ಏಳು ನಿಲುವುಗಳನ್ನು ಎಣಿಸಿ ಕೊಟ್ಟಿದ್ದಾನೆ. ಕಂಕುಳಡಿ, ಬಲ ಹೆಗಲು, ಎಡ ಹೆಗಲು, ತಲೆ, ಬಲ ಮಗ್ಗುಲು, ಎದೆ, ಕೊನೆಯದು ಮೊನೆ ಮುಂದೆ ಚಾಚಿದ ಉದ್ದ ನಿಲುವು. ಜಗತ್ತಿನ ಎಲ್ಲ ಕತ್ತಿಗಾರರೂ, ವಿದ್ಯೆ ಗೊತ್ತಿಲ್ಲದವರೂ ಸೇರಿ, ಇವನ್ನೇ ಬಳಸುತ್ತಾರೆ ಅನ್ನುತ್ತಾನೆ. ಮಾಮೂಲಿ ಕತ್ತಿಗಾರರು ಅಂತ ಒಂದು ಗುಂಪನ್ನು ಅವನು ಪದೇ ಪದೇ ಕರೆದು ತರುತ್ತಾನೆ. ಅವರು ಇಲ್ಲಿ ಹೀಗೆ ಮೋಸ ಹೋಗುತ್ತಾರೆ, ನನ್ನ ವಿದ್ಯಾರ್ಥಿ ಹಾಗೆ ಮಾಡಬಾರದು ಅನ್ನುತ್ತಾನೆ. ಇದನ್ನು ಓದಿದಾಗ ಏಳು ಶತಮಾನದ ಆಚೆ ಒಬ್ಬ ನಿಜವಾದ ಮೇಷ್ಟ್ರು ಕಣ್ಣಿಗೆ ಕಟ್ಟಿದರು. ತನ್ನ ಹುಡುಗರು ಬೇರೆಯವರ ಹಾಗೆ ಆಗಬಾರದು ಅನ್ನುವ ಕಳಕಳಿ ಇರುವ ಮೇಷ್ಟ್ರು.

ನಾವು ಆಡಿದ್ದು ಮೊದಲ ವರಸೆ. ನಾನು ಕಂಕುಳಡಿ ನಿಲುವಿನಲ್ಲಿ. ಅಂದರೆ ಕತ್ತಿಯನ್ನು ಎಡ ತೋಳಿನ ಕೆಳಗೆ ಹಿಂದಕ್ಕೆ ಸೇರಿಸಿ, ಬಕ್ಲರನ್ನು ಮುಂದೆ ಹಿಡಿದು. ಶಿವಮೊಗ್ಗದ ಹುಡುಗಿ ನನ್ನೆದುರು 'ಹಾಲ್ಪ್‌ಶಿಲ್ಟ್' ನಿಲುವಿನಲ್ಲಿ. ಕತ್ತಿ, ಬಕ್ಲರ್ ಎರಡನ್ನೂ ಒಟ್ಟಿಗೆ ಮುಂದೆ ಚಾಚಿ ಬಂದಳು. ಈಗ ನಾನೇನು ಮಾಡಬೇಕು? ಪುಟ ಹೇಳುವುದು ಇಷ್ಟೇ: ಎದುರಾಳಿ ಹಾಲ್ಪ್‌ಶಿಲ್ಟ್ ಹಿಡಿದಾಗ ಕತ್ತಿಯ ಕೆಳಗೂ ಗುರಾಣಿಯ ಕೆಳಗೂ ಬೀಳು.

ಬೀಳು ಅಂದರೆ? ನನ್ನ ಕತ್ತಿ ಅವಳ ಕತ್ತಿಯ ಕೆಳಗೆ ಹೋಗಬೇಕಾ, ನನ್ನ ಮೈಯೇ ಕೆಳಗೆ ಬಗ್ಗಬೇಕಾ? ಎಷ್ಟು ಬೇಗ? ಯಾವ ಕಾಲು ಮುಂದೆ? ಬರಹದಲ್ಲಿ ಕಾಲಿನ ಸುದ್ದಿಯೇ ಇಲ್ಲ. ಚಿತ್ರ ನೋಡೋಣ ಅಂದರೆ, ಆ ಕಾಲದ ಚಿತ್ರಗಾರ ಪಾದವನ್ನು ಬರೆಯುತ್ತಿದ್ದದ್ದೇ ಬೆರಳು ಕೆಳಗೆ ಇಳಿಬಿಟ್ಟಂತೆ. ನೆಲ ಎಲ್ಲಿದೆ ಅಂತಲೂ ತಿಳಿಯುವುದಿಲ್ಲ. ದೂರ, ಹತ್ತಿರ ಎಂಬ ಲೆಕ್ಕವೂ ಚಿತ್ರದಲ್ಲಿಲ್ಲ, ಎಲ್ಲ ಒಂದೇ ಮಟ್ಟ. ಒಂದು ಮಾತ್ರ ಸ್ಪಷ್ಟ: ಇಬ್ಬರೂ ಸೊಂಟದಿಂದ ಮುಂದಕ್ಕೆ ವಾಲಿದ್ದಾರೆ.

ಕಲಿಸುವಾತ ಉತ್ತರ ಹೇಳಲಿಲ್ಲ. "ಎರಡೂ ಆಡಿ ನೋಡಿ" ಅಂದರು. ಆಡಿದೆವು. ನಿಧಾನಕ್ಕೆ ಆಡಿದಾಗ ಎರಡೂ ಸರಿ ಅನ್ನಿಸಿತು. ಮೈ ನೇರ ಇಟ್ಟುಕೊಂಡು ಕತ್ತಿಯನ್ನಷ್ಟೇ ಕೆಳಗಿನಿಂದ ತಂದರೂ ಸರಿ, ಮುಂದಕ್ಕೆ ವಾಲಿದರೂ ಸರಿ. ಆಗ ಅವರು ಹುಡುಗಿಗೆ ಹೇಳಿದರು: "ಈಗ ನೀವು ಅವರಿಗೆ ಸಹಾಯ ಮಾಡಬೇಡಿ. ಸಿಕ್ಕ ಕಡೆ ಹೊಡೆಯಿರಿ."

ಅಲ್ಲಿಗೆ ಎಲ್ಲ ಬದಲಾಯಿತು. ನೇರ ನಿಂತು ಹೋದಾಗ ನನ್ನ ಕತ್ತಿ ಅವಳ ಕತ್ತಿಗೆ ತಾಗುವ ಹೊತ್ತಿಗೆ ಅವಳ ಅಲಗು ನನ್ನ ಮಾಸ್ಕ್ ಮೇಲೆ ಟಣ್ ಅಂತ ಕೂತಿರುತ್ತಿತ್ತು. ಮುಂದಕ್ಕೆ ವಾಲಿ, ಕೈಗಳೆರಡನ್ನೂ ಚಾಚಿ ಹೋದಾಗ ನನ್ನ ತಲೆ ನನ್ನದೇ ಕತ್ತಿ, ಬಕ್ಲರ್‌ಗಳ ಹಿಂದೆ ಉಳಿಯಿತು. ಅವಳಿಗೆ ತಲೆ ಸಿಗಲಿಲ್ಲ. ಚಿತ್ರದಲ್ಲಿ ಆ ಇಬ್ಬರು ಹಾಗೆ ವಾಲಿ ನಿಂತಿದ್ದು ಚಿತ್ರಗಾರನ ಕೈ ಗುಣ ಅಂತ ಬಹಳ ಜನ ಹಿಂದೆ ಅಂದುಕೊಂಡಿದ್ದರಂತೆ. ನನ್ನ ಬೆನ್ನಿಗೆ ಆ ದಿನ ಗೊತ್ತಾಯಿತು, ಅದರಲ್ಲಿ ಪಾಠ ಇದೆ ಅಂತ.

ಇದನ್ನೇ ನಾನು ಸಾಕ್ಷ್ಯಚಿತ್ರ ನೋಡುವಾಗ ಅರ್ಧ ಮಾತ್ರ ಗ್ರಹಿಸಿದ್ದು. ಗುರು ಇಲ್ಲದ ಕಡೆ ಎದುರಾಳಿಯೇ ಗುರು. ಲ್ಯಾಟಿನ್ ಪಂಡಿತರು ಒಂದು ಸಾಲಿಗೆ ನಾಲ್ಕು ಅರ್ಥ ಹೇಳಬಹುದು, ನಾಲ್ಕೂ ವ್ಯಾಕರಣಕ್ಕೆ ಸರಿಯಾಗಿಯೇ ಇರಬಹುದು. ಗೆಲ್ಲಲೇಬೇಕು ಅಂತ ಬಂದ ಎದುರಾಳಿಯ ಮುಂದೆ ಅವುಗಳಲ್ಲಿ ಮೂರು ಬಿದ್ದುಹೋಗುತ್ತವೆ. ಹಾಗಂತ ಬರೀ ಗೆಲುವನ್ನು ನಂಬಿದರೂ ಕೆಟ್ಟಿತು. ಪುಟದಲ್ಲಿ ಇಲ್ಲದ್ದನ್ನು ಆಡಿಯೂ ಗೆಲ್ಲಬಹುದಲ್ವಾ? ಆಗ ಅದು ಪಾದ್ರಿಯ ವಿದ್ಯೆ ಆಗುವುದಿಲ್ಲ. ಪುಟವೂ ಒಪ್ಪಬೇಕು, ಎದುರಾಳಿಯೂ ಒಪ್ಪಬೇಕು. ಈ ಎರಡು ಒಪ್ಪಿಗೆ ಒಟ್ಟಿಗೆ ಸಿಗುವವರೆಗೆ ಬಿಡದ ಹಟ ಇವರದ್ದು. ನನಗೆ ಇದು ಬಹಳ ದೊಡ್ಡ ಪ್ರಾಮಾಣಿಕತೆ ಅನ್ನಿಸುತ್ತದೆ. ಹಳೆಯ ವಿದ್ಯೆಯ ಹೆಸರು ಹೇಳಿ ತಮಗೆ ತೋಚಿದ್ದನ್ನು ಕಲಿಸುವವರು ಎಲ್ಲ ದೇಶದಲ್ಲೂ ಇದ್ದಾರೆ. ಇಲ್ಲಿ, "ಇದು ನಮ್ಮ ಊಹೆ, ನಾಳೆ ಬದಲಾಗಬಹುದು" ಅಂತ ಹೇಳಿಯೇ ಕಲಿಸುತ್ತಾರೆ.

ಕತ್ತಿಗೆ ಕತ್ತಿ ಕೂಡಿಕೊಂಡ ಆ ಕ್ಷಣದ ಬಗ್ಗೆ ಹೇಳಲೇಬೇಕು. ಹೊರಗಿನಿಂದ ನೋಡಿದರೆ ಇಬ್ಬರು ಸುಮ್ನೆ ಕತ್ತಿ ತಾಗಿಸಿ ನಿಂತಂತೆ ಕಾಣುತ್ತದೆ. ಒಳಗೆ ಹಾಗಲ್ಲ. ಅವಳು ಒತ್ತುತ್ತಿದ್ದಾಳಾ, ಸಡಿಲ ಬಿಡುತ್ತಿದ್ದಾಳಾ, ಜಾರಿಕೊಳ್ಳಲು ನೋಡುತ್ತಿದ್ದಾಳಾ, ಎಲ್ಲ ಅಲಗಿನ ಮೂಲಕ ಅಂಗೈಗೆ ಬರುತ್ತದೆ. ಆಷಾಢದಲ್ಲಿ ಗಾಳಿಪಟ ಹಾರಿಸುವಾಗ ಮೇಲಿನ ಗಾಳಿಯ ಮನಸ್ಸು ದಾರದಿಂದ ಬೆರಳಿಗೆ ತಿಳಿಯುತ್ತದಲ್ಲ, ಹಾಗೆ. ಜರ್ಮನಿಯ ಲಾಂಗ್‌ಸೋರ್ಡ್ ಗುರು ಯೋಹಾನೆಸ್ ಲೀಖ್ಟೆನಾವರ್‌ನ ಪರಂಪರೆಯಲ್ಲಿ ಈ ಸ್ಪರ್ಶಜ್ಞಾನವೇ ವಿದ್ಯೆಯ ಜೀವಾಳ. ಮೊದಲು, ಆಮೇಲೆ, ಆ ಕ್ಷಣದಲ್ಲೇ ಎಂದು ಕಾಲವನ್ನು ಮೂರಾಗಿ ವಿಂಗಡಿಸಿ, ಕತ್ತಿ ತಾಗಿದ ಕ್ಷಣದಲ್ಲೇ ಎದುರಾಳಿಯ ಬಲ ಅರಿತು ಆಡು ಅನ್ನುತ್ತಾರೆ. ಆತ ಪಾಠವನ್ನು ಬೇಕೆಂತಲೇ ಒಗಟಿನ ಪದ್ಯಗಳಲ್ಲಿ ಬಚ್ಚಿಟ್ಟ, ಹೊರಗಿನವರಿಗೆ ತಿಳಿಯಬಾರದು ಅಂತ. ಅವನ ಪರಂಪರೆಯ ಮುಂದಿನವರು ಬರೆದ ವ್ಯಾಖ್ಯಾನಗಳು ಉಳಿದದ್ದರಿಂದ ಇವತ್ತು ಬೀಗ ತೆರೆದಿದೆ.

ಐ.33ರ ಪಾದ್ರಿಯೂ ಇದೇ ಜಾಗದಲ್ಲಿ ಒಂದು ಪದ್ಯ ಹೇಳುತ್ತಾನೆ. ಅದರಲ್ಲಿ ಕಟ್ಟುವುದು ಅಂದರೆ ಎದುರಾಳಿಯ ಕತ್ತಿಯನ್ನು ನಮ್ಮ ಕತ್ತಿಯಿಂದ ಒತ್ತಿ ಹಿಡಿಯುವುದು. ಕಟ್ಟಿದವನೂ ಕಟ್ಟಿಸಿಕೊಂಡವನೂ ಪರಸ್ಪರ ವಿರೋಧಿಗಳು, ಕೋಪಗೊಂಡವರು. ಕಟ್ಟಿಸಿಕೊಂಡವನು ಪಕ್ಕಕ್ಕೆ ಓಡುತ್ತಾನೆ, ನಾನು ಬೆನ್ನು ಹತ್ತುತ್ತೇನೆ. ಹುಡುಗಿಯ ಕತ್ತಿ ನನ್ನದರ ಕೆಳಗೆ ಸಿಕ್ಕಿದಾಗ ಅವಳು ನಿಜಕ್ಕೂ ಪಕ್ಕಕ್ಕೇ ಓಡಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಬೇರೆ ದಾರಿಯೇ ಇರಲಿಲ್ಲ ಅವಳಿಗೆ. ನಾನು ಬೆನ್ನು ಹತ್ತಿದೆ, ಬಕ್ಲರಿನಿಂದ ಅವಳ ಎರಡೂ ಕೈಗಳನ್ನು ಒತ್ತಿ ಹಿಡಿದು ಕತ್ತಿಯನ್ನು ಬಿಡಿಸಿಕೊಂಡೆ. ಶಿಲ್ಟ್‌ಸ್ಲಾಕ್ ಅನ್ನುತ್ತಾರೆ ಇದಕ್ಕೆ, ಗುರಾಣಿಯ ಹೊಡೆತ. ಪುಟದಲ್ಲಿ ಇದ್ದದ್ದೆಲ್ಲ ಇದ್ದ ಹಾಗೇ, ಅದೇ ಸರದಿಯಲ್ಲಿ, ನಮ್ಮಿಬ್ಬರ ನಡುವೆ ನಡೆದುಹೋಯಿತು. ಮಾಸ್ಕ್ ತೆಗೆದು ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಮೈ ಜುಮ್ ಅಂತು.

ಚಹಾದ ಬಿಡುವಿನಲ್ಲಿ ಫ್ಲಾಸ್ಕ್ ಬಿಚ್ಚಿಕೊಂಡು ನೆಲದ ಮೇಲೆ ಕೂತಾಗ, ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಪೌಲುಸ್ ಹೆಕ್ಟರ್ ಮೈರ್‌ನ ಕಥೆ ಹೇಳಿದರು. 16ನೇ ಶತಮಾನದಲ್ಲಿ ಆಗ್ಸ್‌ಬರ್ಗ್ ನಗರದ ಖಜಾನೆ ನೋಡಿಕೊಳ್ಳುತ್ತಿದ್ದ ಅಧಿಕಾರಿ. ಕತ್ತಿವರಸೆ ಆ ಕಾಲಕ್ಕಾಗಲೇ ಕ್ಷೀಣಿಸುತ್ತಿದೆ ಎಂಬ ಸಂಕಟ ಅವನಿಗೆ. ಸಿಕ್ಕ ಹಸ್ತಪ್ರತಿಗಳನ್ನೆಲ್ಲ ಕೊಂಡ. ಎಲ್ಲ ಆಯುಧಗಳ ವರಸೆಗಳನ್ನೂ ಒಟ್ಟುಮಾಡಿ ಭಾರೀ ಸಂಪುಟಗಳನ್ನು ಮಾಡಿಸಿದ. ಚಿತ್ರಗಾರನನ್ನು ನೇಮಿಸಿದ. ಅಷ್ಟೇ ಅಲ್ಲ, ಇಬ್ಬರು ನುರಿತ ಕತ್ತಿಗಾರರಿಗೆ ಸಂಬಳ ಕೊಟ್ಟು, ವರಸೆಗಳನ್ನು ಅವರು ಆಡಿ ನೋಡಿದ ಮೇಲೆ ಚಿತ್ರ ಬರೆಸಿದ. ನಾವು ಆ ಹಾಲ್‌ನಲ್ಲಿ ಮಾಡುತ್ತಿದ್ದ ಕೆಲಸವನ್ನೇ ಅವನು ಆಗಲೇ ಮಾಡಿದ್ದ! ಇದಕ್ಕೆಲ್ಲ ದುಡ್ಡು? ನಗರದ ಖಜಾನೆಗೇ ಕೈ ಹಾಕಿದ. ವರ್ಷಾನುಗಟ್ಟಲೆ ನಡೆಯಿತು. 1579ರಲ್ಲಿ ಸಿಕ್ಕಿಬಿದ್ದ, ಕಳ್ಳನೆಂದು ಗಲ್ಲಿಗೇರಿಸಿದರು. ಆಗ ಅವನಿಗೆ ಅರವತ್ತು ದಾಟಿತ್ತು. ಆಗ್ಸ್‌ಬರ್ಗಿನ ಜನರ ದುಡ್ಡು ಅದು, ಕದ್ದದ್ದು ಕದ್ದದ್ದೇ. ಆದರೂ ಅವನ ಸಂಪುಟಗಳು ಇವತ್ತು ಡ್ರೆಸ್ಡೆನ್, ಮ್ಯೂನಿಕ್, ವಿಯೆನ್ನಾ ಗ್ರಂಥಾಲಯಗಳಲ್ಲಿವೆ. ಅವು ಇಲ್ಲದಿದ್ದರೆ ಎಷ್ಟೋ ವರಸೆಗಳ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ. ಕಥೆ ಕೇಳಿ ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಗಿತ್ತು.

ಮಧ್ಯಾಹ್ನ ಹುಡುಗಿ ನನ್ನನ್ನು ಗೋಡೆಯ ಕೊನೆಯ ಪ್ರಿಂಟಿನ ಹತ್ತಿರ ಎಳೆದುಕೊಂಡು ಹೋದಳು. "ನಿಮ್ಮನ್ನ ಕರ್ಕೊಂಡು ಬಂದಿದ್ದೇ ಇದಕ್ಕೆ ಅಕ್ಕಾ" ಅಂದಳು. ಕೊನೆಯ ಹಾಳೆಯಲ್ಲಿ ವಿದ್ಯಾರ್ಥಿ ಇಲ್ಲ. ಪಾದ್ರಿಯ ಎದುರು ಹೆಂಗಸೊಬ್ಬಳು ನಿಂತಿದ್ದಾಳೆ. ಉದ್ದ ನಿಲುವಂಗಿ, ಹೆಗಲ ಮೇಲೆ ಬಿಟ್ಟ ಕೂದಲು, ಕೈಯಲ್ಲಿ ಕತ್ತಿ, ಬಕ್ಲರ್. ಹೆಸರು ವಾಲ್ಪುರ್ಗಿಸ್ ಅಂತ ಪುಟದಲ್ಲೇ ಬರೆದಿದೆ. ಯುರೋಪಿನ ಅತಿ ಹಳೆಯ ಕತ್ತಿವರಸೆ ಪುಸ್ತಕ ಮುಗಿಯುವುದು ಒಬ್ಬ ಹೆಣ್ಣಿನ ಪಾಠದೊಂದಿಗೆ. ಅವಳನ್ನು ಕನಿಕರಕ್ಕೋ ಅಲಂಕಾರಕ್ಕೋ ತಂದಿಲ್ಲ. ಬೇರೆ ಪುಟಗಳಲ್ಲಿ ಹುಡುಗನಿಗೆ ಹೇಳಿದ ಹಾಗೆಯೇ, ಅಷ್ಟೇ ಗಂಭೀರವಾಗಿ ಅವಳ ವರಸೆಯನ್ನೂ ವಿವರಿಸಿದ್ದಾನೆ.

ಗರಡಿ ಬಾಗಿಲಲ್ಲಿ ನಿಂತೇ ವಾಪಸಾದವಳು ನಾನು. ಆ ಪುಟದ ಮುಂದೆ ಎಷ್ಟು ಹೊತ್ತು ನಿಂತೆನೋ ತಿಳಿಯದು. ಯಾರು ಅವಳು, ನಿಜವಾಗಿ ಬದುಕಿದ್ದವಳಾ, ಸಂತಳ ಹೆಸರಿನ ಸಂಕೇತವಾ ಅಂತ ಪಂಡಿತರು ವಾದ ಮಾಡುತ್ತಾರೆ. ನನಗೆ ಅವಳ ಕೈ ಸಾಕಾಯಿತು. ಬಕ್ಲರ್ ಹಿಡಿದ ಆ ಕೈ ಸರಿಯಾದ ಜಾಗದಲ್ಲಿತ್ತು. ಬೆಳಿಗ್ಗೆಯಿಂದ ಕಲಿತದ್ದರಿಂದ ಅಷ್ಟು ನನಗೆ ಗೊತ್ತಾಗುತ್ತಿತ್ತು.

ನಾವಿಬ್ಬರೂ ಅವಳ ವರಸೆ ಆಡಿದೆವು. ಹುಡುಗಿ ವಾಲ್ಪುರ್ಗಿಸ್, ನಾನು ಪಾದ್ರಿ. ಪಕ್ಕದಲ್ಲಿ ಬಡಗಿ ಮೇಷ್ಟ್ರಿಗೂ ಇತಿಹಾಸ ಮೇಷ್ಟ್ರಿಗೂ ಜೋರು ವಾದ ಶುರುವಾಯಿತು. ಅವಳು ಹೊರಡುವುದು ಬಲಗಾಲಿನಲ್ಲೋ ಎಡಗಾಲಿನಲ್ಲೋ ಅಂತ. ಒಬ್ಬರು ಬ್ಯಾಡ್ಮಿಂಟನ್ ಗೆರೆಯ ಮೇಲೆ ನಿಂತು ಬಲಗಾಲಿಟ್ಟು ತೋರಿಸಿದರು. ಇನ್ನೊಬ್ಬರು ಎಡಗಾಲಿಟ್ಟು ತೋರಿಸಿದರು. ನಿಲುವಂಗಿ ಕಾಲು ಮುಚ್ಚಿರುವುದರಿಂದ ಚಿತ್ರ ಯಾರ ಪರವೂ ಇಲ್ಲ. ನಮ್ಮ ಕೈಲಿ ಎರಡೂ ಆಡಿಸಿದರು, ಎರಡೂ ಕೆಲಸ ಮಾಡಿತು, ವಾದ ಇನ್ನೂ ಜೋರಾಯಿತು. ಹಾಲ್ ಖಾಲಿ ಮಾಡಿ ಅಂತ ಕಾವಲಿನವರು ಬಂದರೂ ನಿಲ್ಲಲಿಲ್ಲ. ಕೊನೆಗೆ ಇನ್ನೊಂದು ಊರಿನ ಕ್ಲಬ್ಬಿಗೆ ಎರಡರ ವಿಡಿಯೋ ಕಳಿಸಿ ಕೇಳುವುದು ಅಂತ ತೀರ್ಮಾನವಾಯಿತು. ಮುಂದಿನ ಸಲ ಕಾಲು ಮುಚ್ಚುವ ಉದ್ದ ಲಂಗ ಉಟ್ಟುಕೊಂಡು ಬರುತ್ತೇವೆ, ಆಗ ಯಾವ ಕಾಲು ಸಲೀಸಾಗಿ ಮುಂದೆ ಹೋಗುತ್ತದೆ ನೋಡೋಣ ಅಂತ ಹುಡುಗಿ ಸೂಚಿಸಿದಳು. ಇಬ್ಬರೂ ಮೇಷ್ಟ್ರು ಅದನ್ನು ಒಪ್ಪಿದರು. ಬಟ್ಟೆ ಹೊಲಿಯುವ ಕೆಲಸ ನಾನು ವಹಿಸಿಕೊಂಡಿದ್ದೇನೆ.